ಕೊನೆಯ ಕಾಲು

ಮೊದಲೇ ಹೇಳಿಬಿಡುತ್ತೇನೆ, ನನ್ನ ದನಿ ದೊಡ್ಡದು. ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಸಂಸಾರ ಮಾಡಿದವರಿಗೆ ಪಿಸುಗುಟ್ಟಲು ಬರುವುದಿಲ್ಲ. ಮಗ್ಗುಲಲ್ಲಿ ಕೂತವರಿಗೆ ಗುಟ್ಟು ಹೇಳಿದರೂ ಮೂರು ಓಣಿಗೆ ಕೇಳಿಸುತ್ತದೆ. ಬೇರೆ ಊರಿನಲ್ಲಾದರೆ ಹೆಣ್ಣುಮಕ್ಕಳಿಗೆ ಇದು ಚಂದವಲ್ಲ ಎನ್ನುತ್ತಿದ್ದರೇನೋ. ನಮ್ಮೂರಲ್ಲಿ ಹಾಗಿಲ್ಲ. ಕೆರೆಯಲ್ಲಿ ಒಬ್ಬಳೇ ಉಳಿದಾಗ "ಯಾರರ ಕಾಲ ಕೊಡ್ರೀ" ಎಂದು ಕೂಗಿದರೆ ಅದು ಊರಬಾಗಿಲ ಅಗಸಿಯ ತನಕ ಮುಟ್ಟಬೇಕು. ಸಣ್ಣ ದನಿಯವರು ಬಟ್ಟೆ ಒಗೆಯಲು ಬೆಳಿಗ್ಗೆ ಹೋಗಿ ಸಂಜೆಯ ತನಕ ನೀರಲ್ಲೇ ನಿಂತದ್ದುಂಟು.

ನಮ್ಮೂರ ಕೆರೆಯಲ್ಲಿ ಸದಾ ಒಬ್ಬರ ಕಾಲಾದರೂ ಇರಬೇಕು. ಕೊನೆಯ ಕಾಲು ಹೊರಗೆ ಬಂದರೆ ಕೆರೆ ಹೋಗುತ್ತದೆ. ಹೋಗುವುದನ್ನು ಕಂಡವರಿಲ್ಲ. ಕಾಲು ಒರೆಸಿಕೊಂಡು ತಿರುಗಿ ನೋಡುವಷ್ಟರಲ್ಲಿ ಒದ್ದೆ ಮಣ್ಣು, ಗಾಬರಿಬಿದ್ದ ಒಂದೆರಡು ಏಡಿ, ಯಾರೋ ಮರೆತ ಸಾಬೂನು, ಅಷ್ಟೇ. ಆಮೇಲೆ ಊರಿಗೆ ಊರೇ ಹುಡುಕಲು ಹೊರಡಬೇಕು. ಒಮ್ಮೆ ಸಂತೆಯ ಹಿಂದಿನ ದಿನವೇ ಸಂತೆಯ ಬಯಲಿಗೆ ಬಂದು ಕೂತಿತ್ತು, ಒಮ್ಮೆ ಶಾಲೆಯ ಮೈದಾನದಲ್ಲಿ. ಮನೆಗಳ ಮೇಲೆ ಮಾತ್ರ ಎಂದೂ ಕೂತಿಲ್ಲ, ಅಷ್ಟು ಮರ್ಯಾದೆ ಅದಕ್ಕಿದೆ. ಹಸುಗೂಸಿನ ಕಾಲಾದರೂ ಅದಕ್ಕೆ ಸಾಕು. ಎಮ್ಮೆಯ ಕಾಲು ಲೆಕ್ಕಕ್ಕಿಲ್ಲ. ಹೀಗಾಗಿ ನೀರಿನಿಂದ ಎದ್ದು ಹೊರಡುವ ಮುಂಚೆ "ಯಾರ ಕಾಲ ಅದಾವ?" ಎಂದು ಕೇಳುವುದು ನಮ್ಮಲ್ಲಿ "ಊಟ ಆತೇನ್ರೀ" ಎಂದು ಕೇಳಿದಷ್ಟೇ ಸಹಜ. ಯಾರೂ ಇಲ್ಲದಿದ್ದರೆ ಕೂಗಬೇಕು. ಬಂದವರು ನೀರಿಗೆ ಪಾದ ಇಳಿಸಿ "ಕಾಲ ಕೊಟ್ಟೇನಿ, ನಡಿ" ಎಂದ ಮೇಲೆ ಹೊರಡಬೇಕು. ರಾತ್ರಿಗೆ ಮನೆಮನೆಯ ಸರದಿ ಇದೆ. ಆಳವಿಲ್ಲದ ಕಡೆ ಹೊರಸು ಹಾಕಿಕೊಂಡು, ಕಾಲು ಇಳಿಬಿಟ್ಟು ಮಲಗುತ್ತಾರೆ.

ನಮ್ಮ ಮನೆಯ ಸರದಿಯೆಲ್ಲ ನನ್ನದೇ. ನನ್ನ ಅತ್ತೆ ತುಂಗವ್ವ ಕೆರೆಗೆ ಕಾಲಿಡುವುದಿಲ್ಲ. ಆಕೆ ನನ್ನ ಅಪ್ಪನ ತಂಗಿಯೂ ಹೌದು, ಎತ್ತಿ ಆಡಿಸಿದವಳು. ಆದ್ದರಿಂದ ನಮ್ಮಿಬ್ಬರ ನಡುವೆ ಸಲಿಗೆ ಹೆಚ್ಚು, ಜಗಳವೂ ಹೆಚ್ಚು. ನಾನು ಸೊಸೆಯಾಗಿ ಬರುವುದಕ್ಕೆ ಎಷ್ಟೋ ಹಿಂದೆ, ಒಂದು ಬೇಸಿಗೆಯ ಮಧ್ಯಾಹ್ನ, ಆಕೆಯೊಬ್ಬಳೇ ನೀರಲ್ಲಿ ನಿಂತಿದ್ದಾಗ ದಂಡೆಯ ಕಲ್ಲುಗಳಲ್ಲಿ ಆಡುತ್ತಿದ್ದ ಮಗನಿಗೆ ಚೇಳು ಕಡಿಯಿತು. ಮಗ ಚೀರಿದ. ಅತ್ತೆ ಯಾರನ್ನೂ ಕೂಗಲಿಲ್ಲ, ಓಡಿಬಿಟ್ಟಳು. ಹುಡುಗನಿಗೆ ಏನೂ ಆಗಲಿಲ್ಲ. ಅವರೇ ಈಗ ನನ್ನ ಯಜಮಾನರು, ವಿರುಪಣ್ಣ, ಗಿರಣಿಯ ಬೆಲ್ಟು ಸರಿಮಾಡುತ್ತಾ ತಣ್ಣಗೆ ಕೂತಿರುತ್ತಾರೆ. ಆದರೆ ಕೆರೆ ಆ ಸಲ ಗುಡ್ಡದಾಚೆ ಎಲ್ಲಿ ಹೋಯಿತೋ, ಮಳೆಗಾಲದ ತನಕ ಸಿಗಲೇ ಇಲ್ಲ. ಊರವರು ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ಅದೇ ತಪ್ಪಾಯಿತು. ಬೈದಿದ್ದರೆ ಆಕೆಯೂ ತಿರುಗಿ ಬೈದು ಹಗುರಾಗುತ್ತಿದ್ದಳು, ಬೈಗುಳದಲ್ಲಿ ಆಕೆಯನ್ನು ಮೀರಿಸುವವರು ನಮ್ಮ ಸೀಮೆಯಲ್ಲಿಲ್ಲ. ಜನ ಸುಮ್ಮನಿದ್ದುದರಿಂದ ಆಕೆಯೂ ಸುಮ್ಮನಾದಳು. "ನನ್ನ ಕಾಲಿನ ಮ್ಯಾಲ ಕೆರಿಗೆ ನಂಬಿಕಿ ಇಲ್ಲ" ಎಂದು ಹೇಳಿ ಅವತ್ತಿನಿಂದ ದಂಡೆಯಲ್ಲೇ ಉಳಿದಳು.

ನೀರಲ್ಲಿ ಅಷ್ಟು ಹೊತ್ತು ಸುಮ್ಮನೆ ನಿಲ್ಲಲು ಯಾರಿಂದಾಗುತ್ತದೆ? ನಾನು ಈಜು ಕಲಿತೆ. ಆದರೆ ನಮ್ಮೂರ ಈಜು ಮುಂದೆ ಹೋಗುವ ಈಜಲ್ಲ. ಇದ್ದಲ್ಲೇ ಕೈಕಾಲು ಆಡಿಸುತ್ತಾ, ಪಕ್ಕದವರ ಮನೆಯ ಸುದ್ದಿ ಮಾತಾಡುತ್ತಾ, ಬೇಕಾದರೆ ಎಲೆ ಅಡಿಕೆ ಮೆಲ್ಲುತ್ತಾ ಹೊತ್ತು ಕಳೆಯುವ ಈಜು. ಸೈಕಲ್ ನನಗೆ ಗಿರಣಿಯಿಂದ ಬಂತು. ಹಿಂದಿನ ಕ್ಯಾರಿಯರ್‌ಗೆ ಹಿಟ್ಟಿನ ಡಬ್ಬಿ ಕಟ್ಟಿಕೊಂಡು ಓಣಿ ಓಣಿ ತಿರುಗಿ ಕೊಟ್ಟು ಬರುವವಳು ನಾನೇ. ಓಟ ಬಂದದ್ದು ಕೆರೆಯಿಂದ. ಕೆರೆ ಹೋದಾಗ ಹುಡುಕಲು ಮೊದಲು ಹೊರಡುವವಳು ನಾನು. ದಾರಿ ಇರುವ ತನಕ ಸೈಕಲ್ಲು, ಕಲ್ಲು ಬಂದಲ್ಲಿ ಸೈಕಲ್ ಒಗೆದು ಓಟ, ನೀರು ಕಂಡ ಕೂಡಲೇ ಸೀರೆಯ ಸಮೇತ ಒಳಗೆ. ಕಂಡವರು ಕಾಲಿಡದೆ ಬಾಯಿ ತೆರೆದು ನಿಂತರೆ ಅದು ಮತ್ತೆ ಹೊರಟುಬಿಡುತ್ತದೆ. ಕೆರೆ ಹೋಯಿತೆಂದು ಊರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತಾಗ ನನ್ನ ಹೊಟ್ಟೆಯಲ್ಲಿ ಮಾತ್ರ ಮದುವೆಯ ಬಾಜಾ ಬಾರಿಸಿದಂತಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಇಂಥದ್ದನ್ನು ಹೇಳಿಕೊಳ್ಳುವುದು ಹೇಗೆ?

ಒಂದು ಸಲ ಮದುವೆಯ ಗದ್ದಲದಲ್ಲಿ ಅವರ ಕಾಲಿದೆ ಎಂದು ಇವರು, ಇವರ ಕಾಲಿದೆ ಎಂದು ಅವರು ನಂಬಿಕೊಂಡು ಎಲ್ಲರೂ ಬ್ಯಾಂಡ್ ನೋಡಲು ಓಡಿದರು. ಕೆರೆ ಹೋಯಿತು. ನಾನು ಹೊರಟೆ. ಗುಡ್ಡ ಹತ್ತಿ ನೋಡಿದರೆ ಕೆಳಗೆ ಕೊಯ್ಲು ಮುಗಿದ ಜೋಳದ ಹೊಲದಲ್ಲಿ ಏನೂ ಅರಿಯದ ಕೂಸಿನಂತೆ ಬಿದ್ದುಕೊಂಡಿದೆ. ಇಳಿಜಾರಿನ ಅರ್ಧದ ತನಕ ಸೈಕಲ್ಲು, ಕಲ್ಲು ಬಂದಲ್ಲಿ ಅದನ್ನು ಒಗೆದು ಓಡಿ ಹೋಗಿ ಧುಮುಕಿದೆ. ಉಸಿರು ತಿರುಗಿದ ಮೇಲೆ ಕಂಡಿತು, ದಂಡೆಯ ಮೇಲೆ ಪ್ಯಾಂಟು ತೊಟ್ಟ ಒಬ್ಬ ಹೆಣ್ಣುಮಗಳು ಹಗ್ಗ ಹಿಡಿದು ದಂಗಾಗಿ ನಿಂತಿದ್ದಾಳೆ, ಹಗ್ಗದ ಇನ್ನೊಂದು ತುದಿಯಲ್ಲಿ ಕುತ್ತಿಗೆಯ ತನಕ ಮುಳುಗಿದ ಎಮ್ಮೆ. ಆಕೆ ಊರಿಗೆ ಹೊಸದಾಗಿ ಬಂದ ದನದ ಡಾಕ್ಟರು, ಜರೀನಾ. ಒಣ ಹೊಲದಲ್ಲಿ ಎಮ್ಮೆಗೆ ಸೂಜಿ ಹಾಕಲು ಬಂದವಳು ಜೀಪಿನ ಕಡೆ ಒಮ್ಮೆ ತಿರುಗಿದ್ದಾಳೆ, ಅಷ್ಟರಲ್ಲಿ ಎಮ್ಮೆಯ ಸುತ್ತ ಕೆರೆ.

"ಇದು ಈಗ ಇಲ್ಲಿ ಇರ್ಲಿಲ್ರೀ," ಅಂದಳು.

"ಇರ್ಲಿಲ್ಲ. ಈಗ ಐತಿ. ಎಮ್ಮಿ ಪುಣ್ಯಾ ಮಾಡೇತಿ, ನಿಂತಲ್ಲೇ ಜಳಕ ಆತು."

ಆಕೆಗೆ ನಗು ತಡೆಯಲಾಗಲಿಲ್ಲ. "ಅಕ್ಕಾರ, ನಿಮ್ಮನ್ನ ಆಗಿಂದ ನೋಡಾಕತ್ತೀನಿ. ಸೈಕಲ್ ಹೊಡಕೊಂಡು ಬಂದ್ರಿ, ಓಡಿದ್ರಿ, ನೀರಿಗೆ ಬಿದ್ರಿ. ಇದನ್ನ ಹಿಂದ ಮುಂದ ಮಾಡಿದ್ರ ಟ್ರಯಾಥ್ಲಾನ್ ಅಂತಾರ್ರೀ. ಮೊದಲ ಈಜೂದು, ಆಮ್ಯಾಲ ಸೈಕಲ್, ಆಮ್ಯಾಲ ಓಟ. ನಾನೂ ಮಾಡ್ತೀನಿ."

"ಯಾಕ? ನಿಮ್ಮೂರ ಕೆರೀನೂ ಹೋಗತೈತೇನು?"

"ಇಲ್ರೀ. ಸುಮ್ನ."

"ಸುಮ್ನ?"

"ಸುಮ್ನರೀ. ಹಿಗ್ಗ ಆಗ್ತೈತಿ ಅಂತ."

ನಾನು ಎದೆಮಟ್ಟದ ನೀರಲ್ಲಿ ನಿಂತು ಆ ಮಾತನ್ನೇ ಯೋಚಿಸಿದೆ. ಏನನ್ನೂ ಹುಡುಕದೆ, ಯಾರಿಗೂ ಏನನ್ನೂ ಮುಟ್ಟಿಸದೆ, ಬರೀ ಹಿಗ್ಗಿಗೆ ಓಡುವುದಕ್ಕೂ ಒಂದು ಹೆಸರಿದೆ. ಅದಕ್ಕೆ ಜನ ಸೇರುತ್ತಾರೆ, ಗೆರೆ ಎಳೆಯುತ್ತಾರೆ, ಗೆರೆ ಮುಟ್ಟಿದವರ ಕೊರಳಿಗೆ ಮೆಡಲ್ ಹಾಕುತ್ತಾರೆ. ನನ್ನ ಹೊಟ್ಟೆಯೊಳಗಿನ ಬಾಜಾ ಬೇರೆಯವರ ಹೊಟ್ಟೆಯಲ್ಲೂ ಇದೆ ಎಂದು ಅವತ್ತು ಗೊತ್ತಾಗಿ ನನಗೆ ಅಳುವೇ ಬಂತು. ಮುಖ ಹೇಗೂ ಒದ್ದೆಯಾಗಿತ್ತು.

ಮನೆಯಲ್ಲಿ ಹೇಳಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನೀರ ಬಿಟ್ಟು ಓಡೂದು ಒಂದು ಆಟೇನ?"

"ಹೋಗಲಿ ಬಿಡ ಯವ್ವಾ," ಎಂದರು ಯಜಮಾನರು. "ಸೈಕಲ್ಲಿಗೆ ಹೊಸಾ ಬ್ರೇಕ್ ಹಾಕಿಸಿಕೊಡ್ತೀನಿ."

"ನೀ ಸುಮ್ಮನಿರೋ, ಚೇಳ ಕಡಿಸಿಕೊಂಡಾವ." ಮಗನ ಬಾಯಿ ಮುಚ್ಚಿಸಲು ಆಕೆಗೆ ಇದೊಂದು ಮಾತು ಸಾಕು. ಮತ್ತೆ ರೊಟ್ಟಿ ಬಡಿಯತೊಡಗಿದಳು, ಆದರೆ ಆ ದಿನದ ರೊಟ್ಟಿಗಳು ಹೊತ್ತಿಕೊಂಡವು. ಆಕೆಗೆ ಸಿಟ್ಟು ಬಂದದ್ದು ಆಟದ ಮೇಲಲ್ಲ ಎಂದು ನನಗೆ ಗೊತ್ತಿತ್ತು. ಇಡೀ ಜೀವಮಾನ ಯಾವುದಕ್ಕೆ ನಾಚಿಕೊಂಡಳೋ ಅದನ್ನೇ ನಾನು ಬೇರೆ ಊರಿಗೆ ಹೋಗಿ ಜನರ ಮುಂದೆ ಚಪ್ಪಾಳೆಗೆ ಮಾಡಲು ಹೊರಟಿದ್ದೆ.

ತಾಲೀಮು ಶುರುವಾಯಿತು. ಜರೀನಾ ದಂಡೆಯ ಮೇಲೆ ನಿಂತು ಕೈ ಬೀಸುತ್ತಿದ್ದಳು. "ಮುಂದ ಹೋಗ್ರೀ ಅಕ್ಕಾರ, ಮುಂದ!"

"ಹೊಂಟೀನಲ್ಲ!"

"ಎಲ್ಲಿ ಹೊಂಟೀರಿ? ಆಗಿಂದ ಆ ಜಾಲಿಗಿಡದ ಎದುರಿಗೇ ಅದೀರಿ."

ಮುಂದೆ ಹೋಗುವುದನ್ನು ಕಲಿಯಲು ನನಗೆ ಒಂದು ಚಳಿಗಾಲ ಹಿಡಿಯಿತು. ಊರವರಿಗೆ ಮಾತ್ರ ಸುಗ್ಗಿ. "ಕಸ್ತೂರೆವ್ವ ಈಜಾಕತ್ತಾಳ, ಕಾಲ ಅದಾವ, ನಡ್ರಿ ಹೋಗೂಣು" ಎಂದು ಬಟ್ಟೆ ಹಿಂಡಿಕೊಂಡು ಒಬ್ಬೊಬ್ಬರಾಗಿ ಎದ್ದುಹೋಗುತ್ತಿದ್ದರು. ಜರೀನಾಳನ್ನು ಯಾವುದೋ ಕೊಟ್ಟಿಗೆಯವರು ಕರೆದೊಯ್ದಿರುತ್ತಿದ್ದರು. ನಾನು ಆ ದಂಡೆ ಈ ದಂಡೆ ಮಾಡಿ ಸುಸ್ತಾಗಿ ಬಂದರೆ ಒಂದು ಪಿಳ್ಳೆಯೂ ಇರುತ್ತಿರಲಿಲ್ಲ. ಮೊಣಕಾಲ ತನಕದ ನೀರಲ್ಲಿ ನಿಂತು ಕೂಗುವುದು, ಯಾರಾದರೂ ಬರುವ ತನಕ ಕಾಯುವುದು. ದಿನಾ ಹೀಗೇ. ಈಜು ಮುಗಿದ ಮೇಲೆ ನಿಲ್ಲುವುದೂ ಈಜಿನ ಒಂದು ಭಾಗ ಎಂದು ನನ್ನ ಕಾಲು ತಿಳಿದುಕೊಂಡುಬಿಟ್ಟಿತು. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ.

ಮೊದಲ ಸ್ಪರ್ಧೆ ಬಸ್ಸಿನಲ್ಲಿ ಅರ್ಧ ದಿನದ ಹಾದಿಯ ಒಂದು ಪಟ್ಟಣದಲ್ಲಿತ್ತು. ಜರೀನಾ ಕೊಟ್ಟ ಕಪ್ಪು ಬಿಗಿ ಉಡುಪನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಅತ್ತೆ ಬಾಗಿಲಲ್ಲಿ ಬಂದು ನಿಂತು ನೋಡಿದಳು. "ಥೇಟ ನಮ್ಮ ಎಮ್ಮಿ ಕರಾ ನೋಡು," ಅಂದಳು. ಆದರೂ ಬುತ್ತಿ ಕಟ್ಟಿಕೊಟ್ಟಳು, ಶೇಂಗಾ ಹಿಂಡಿ ಜಾಸ್ತಿ ಹಾಕಿ.

ಆ ಊರಿನ ಕೆರೆಗೆ ಕಲ್ಲಿನ ಕಟ್ಟೆ ಕಟ್ಟಿ, ಹೆಸರು ಬರೆದ ಫಲಕ ನೆಟ್ಟಿದ್ದರು. ತಲೆಮಾರುಗಳಿಂದ ಅಲ್ಲೇ ಇದೆಯಂತೆ. ನನ್ನ ತೋಳಿನ ಮೇಲೆ ಮಸಿಯಲ್ಲಿ ನಂಬರು ಬರೆದರು. ನನ್ನ ಸೈಕಲ್ಲಿನ ಕ್ಯಾರಿಯರ್ ನೋಡಿ ಕೆಲವರು ನಕ್ಕರು. ಅದನ್ನು ಬಿಚ್ಚಲು ನನಗೆ ಮನಸ್ಸು ಬಂದಿರಲಿಲ್ಲ, ಬಿಚ್ಚಿದರೆ ಸೈಕಲ್ಲಿಗೆ ಬಟ್ಟೆಯಿಲ್ಲದಂತೆ ಕಾಣುತ್ತಿತ್ತು. ಪೀಪಿ ಊದಿದರು. ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದು ಒಬ್ಬರ ಮೇಲೊಬ್ಬರು ಹಾಯ್ದು ಹೋದರು. ನಾನು ನನ್ನ ಪಾಡಿಗೆ ಮುಂದೆ ಮುಂದೆ ಎಂದುಕೊಳ್ಳುತ್ತಾ ಈಜಿದೆ. ಎಲ್ಲರಿಗಿಂತ ಕೊನೆಗೆ ದಂಡೆ ಮುಟ್ಟಿದೆ.

ಮುಟ್ಟಿ ನಿಂತೆ. ತಿರುಗಿ ನೋಡಿದೆ. ಅಷ್ಟು ದೊಡ್ಡ ನೀರಿನಲ್ಲಿ ಒಂದು ತಲೆಯೂ ಇಲ್ಲ. ದೋಣಿಯಲ್ಲಿ ಕೂತ ಕಾವಲಿನವರ ಕಾಲುಗಳು ದೋಣಿಯೊಳಗಿದ್ದವು. ಕೊನೆಯ ಕಾಲು ನನ್ನದು.

ಈ ಕೆರೆ ಹೋಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗೊತ್ತಿರುವುದು ತಲೆಗೆ, ಎತ್ತಬೇಕಾದದ್ದು ಕಾಲು. ಕಟ್ಟೆಯ ಮೇಲೆ ಚಹಾ ಮಾರುವವರು, ಸೋಪು ಹಚ್ಚಿಕೊಂಡು ಕೂತ ಮುದುಕ, ಮೀನಿನ ಬಲೆ ಒಣಹಾಕಿದವರು, ಇವರೆಲ್ಲರ ಕೆರೆಯನ್ನು ನಾನೊಬ್ಬಳು ಪರ ಊರಿನವಳು ಬಂದು ಕಳೆದು ಹೋಗುವುದೇ? ಬಾಯಿ ತಾನಾಗಿಯೇ ತೆರೆಯಿತು. "ಯಾರರ ಕಾಲ ಕೊಡ್ರೀ!"

ಗಿರಣಿಯ ದನಿ. ಕಟ್ಟೆಯ ಮೇಲಿನ ಪಾರಿವಾಳಗಳು ಹಾರಿದವು. ಜನ ನನ್ನನ್ನೇ ನೋಡಿದರು. "ಕಾಲ ಹಿಡಕೊಂಡತೇನ್ರೀ?" ಎಂದು ಯಾರೋ ಕೇಳಿದರು. "ಹಿಡಕೊಂಡಿಲ್ಲ, ಕೊಡ್ರಿ!" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಮೈಕಿನಲ್ಲಿ ಏನೋ ಹೇಳಿದರು, ಡಾಕ್ಟರನ್ನು ಕರೆದರು, ಯಾರೋ ದಂಡೆಯಿಂದ ಗ್ಲೂಕೋಸ್ ತೋರಿಸಿದರು. ಹೊತ್ತು ಹೋಗುತ್ತಲೇ ಇತ್ತು. ಕೊನೆಗೆ ದೋಣಿಯ ಕಾವಲಿನವರಲ್ಲಿ ಒಬ್ಬರು, ದಪ್ಪನೆಯ ಗೃಹಸ್ಥರು, ನನ್ನನ್ನು ಎತ್ತಿ ತರಬೇಕೆಂದು ಉಸ್ಸಪ್ಪಾ ಎನ್ನುತ್ತಾ ನೀರಿಗಿಳಿದರು. ಅವರ ಪಾದ ನೀರಿಗೆ ತಾಗಿದ್ದೇ ತಡ, ನಾನು ಬಿಟ್ಟ ಬಾಣ. ಅವರು ಚಾಚಿದ ಕೈ ಹಾಗೇ ಉಳಿಯಿತು.

ಸೈಕಲ್ ಹತ್ತಿದೆ. ಮುಂದೆ ಹೇಳುವುದನ್ನು ಹೇಗೆ ಹೇಳಲಿ? ಕೆರೆ ಹುಡುಕುವಾಗ ಮುಂದೆ ಏನೂ ಇರುವುದಿಲ್ಲ, ಬರೀ ಬಯಲು. ಇಲ್ಲಿ ಬಹಳ ದೂರದಲ್ಲಿ ಒಂದು ಬೆನ್ನು ಕಂಡಿತು. ಏರಿನಲ್ಲಿ ಆ ಬೆನ್ನು ಹತ್ತಿರ ಬಂತು. ಹಿಟ್ಟಿನ ಡಬ್ಬಿ ಇಲ್ಲದ ಸೈಕಲ್ ಎಷ್ಟು ಹಗುರ ಎಂಬುದು ನನ್ನ ಕಾಲಿಗೆ ಆ ಏರಿನಲ್ಲೇ ಗೊತ್ತಾಗಿದ್ದು. ಹೊಳೆಯುವ ಸೈಕಲ್ಲಿನ ಆ ಮನುಷ್ಯನನ್ನು ದಾಟುವಾಗ ಅವನು "ಶಾಬಾಸ್ ಅಕ್ಕಾ, ಹೊಡೀರಿ!" ಎಂದ. ದಾಟಿಸಿಕೊಂಡವರೇ ಶಾಬಾಸ್ ಎನ್ನುವ ಜಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ನಮ್ಮ ಓಣಿಯಲ್ಲಿ ರಂಗೋಲಿ ಸ್ವಲ್ಪ ದೊಡ್ಡದಾದರೂ ಒಂದು ವಾರ ಮಾತು ಬಿಡುತ್ತಾರೆ. ಆಮೇಲೆ ಇನ್ನೊಂದು ಬೆನ್ನು, ಮತ್ತೊಂದು. ಗಾಳಿ ಕಿವಿಯಲ್ಲಿ ತುಂಬಿತ್ತು. ಯಾರೂ ನನಗಾಗಿ ಕಾಯುತ್ತಿರಲಿಲ್ಲ, ಯಾರ ಡಬ್ಬಿಯೂ ನನ್ನ ಹಿಂದೆ ಇರಲಿಲ್ಲ. ನನಗೆ ಅಷ್ಟು ಸಂತೋಷ ಮದುವೆಯಲ್ಲೂ ಆಗಿರಲಿಲ್ಲ, ಇದನ್ನು ಯಜಮಾನರಿಗೂ ಹೇಳಿದ್ದೇನೆ.

ಸೈಕಲ್ ಇಳಿದು ಓಡಿದೆ. ಬಿಸಿಲು ನೆತ್ತಿಗೇರಿತ್ತು. ದಾರಿಯಲ್ಲಿ ನೀರು ಕೊಡುವವರು ಮೇಜು ಮಡಚುತ್ತಿದ್ದರು. ಕೊನೆಯ ತಿರುವು ದಾಟಿ ಬಂದರೆ ಗೆರೆ ಇರಲಿಲ್ಲ. ಗೆರೆಯ ಮೇಲೆ ಕಟ್ಟಿದ್ದ ಕಮಾನಿನ ಬಟ್ಟೆ ಸುತ್ತಿ ಟೆಂಪೋಗೆ ಹಾಕಿಯಾಗಿತ್ತು, ಗೆರೆ ಅಳಿಸಿದ ಜಾಗದಲ್ಲಿ ಬಾಳೆಹಣ್ಣಿನ ಸಿಪ್ಪೆ ಬಿದ್ದಿತ್ತು. ಜರೀನಾ ಒಬ್ಬಳೇ ಮೆಡಲ್ ಹಾಕಿಕೊಂಡು ಫುಟ್‌ಪಾತಿನಲ್ಲಿ ಕೂತು ನನ್ನನ್ನು ಕಾಯುತ್ತಿದ್ದಳು.

"ಗೆರಿ ಎಲ್ಲಿ?" ಎಂದೆ.

"ಟೈಮ್ ಮುಗೀತ್ರೀ ಅಕ್ಕಾರ. ತಗದ್ರು."

ನಮ್ಮೂರಲ್ಲಿ ಕೆರೆ ಹೋಗುತ್ತದೆ, ಇವರ ಊರಲ್ಲಿ ಗೆರೆ. ನಾನು ಅಲ್ಲೇ ರಸ್ತೆಯಲ್ಲಿ ಕೂತು ಅತ್ತುಬಿಟ್ಟೆ. ಅಳುತ್ತಲೇ ಮುಂದಿನ ವರ್ಷದ ಸ್ಪರ್ಧೆ ಯಾವಾಗ ಎಂದು ಕೇಳಿದೆ. ಒಮ್ಮೆ, ಒಂದೇ ಒಂದು ಸಲ, ಗೆರೆ ಇರುವಾಗ ಅದನ್ನು ದಾಟಬೇಕು. ಬೇರೇನೂ ಬೇಡ.

ಮನೆಗೆ ಬಂದು ಅತ್ತೆಗೆ ನಡೆದದ್ದೆಲ್ಲ ಹೇಳಿದೆ. ಕೇಳಿ ಯಜಮಾನರು ಬಿದ್ದು ಬಿದ್ದು ನಕ್ಕರು. ಓಣಿಯೂ ನಕ್ಕಿತು, ನಾನೂ ನಕ್ಕೆ. ಅತ್ತೆ ನಗಲಿಲ್ಲ.

"ಅಷ್ಟ ಮಂದಿಯೊಳಗ ಒಬ್ರೂ ಕಾಲ ಕೊಡಲಿಲ್ಲೇನು?" ಎಂದಳು.

"ಅವರಿಗೇನ ಗೊತ್ತ ಅತ್ತಿ. ಅವರ ಕೆರಿ ಎಲ್ಲೂ ಹೋಗಂಗಿಲ್ಲ."

"ಕೂಗಿದ್ದಿ ಅಂತಿ. ಕೂಗಿದ್ರೂ ಕೊಡಲಿಲ್ಲ." ರಾತ್ರಿ ಊಟಕ್ಕೆ ಕೂತಾಗ ಮತ್ತೆ ಅದನ್ನೇ ಕೇಳಿದಳು.

ಮುಂದಿನ ವರ್ಷದ ಸ್ಪರ್ಧೆಗೆ ಜರೀನಾಳ ಜೀಪು ಬಂದು ನಿಂತಾಗ ಹಿಂದಿನ ಸೀಟಿನಲ್ಲಿ ಅತ್ತೆ ಮೊದಲೇ ಹತ್ತಿ ಕೂತಿದ್ದಳು, ಮಡಿಲಲ್ಲಿ ಬುತ್ತಿಯ ಗಂಟು. "ನೀ ಯಾಕ ಬರ್ತಿ?" ಎಂದೆ. "ಎಮ್ಮಿ ಕರಾ ಸಂತ್ಯಾಗ ಕಳಕೋಬಾರದಲ್ಲ," ಎಂದಳು.

ಆ ಒಂದು ವರ್ಷದಲ್ಲಿ ನನ್ನ ಈಜು ಸುಧಾರಿಸಿತ್ತು, ಆದರೂ ಕೊನೆಯವಳೇ. ದಂಡೆ ಹತ್ತಿರವಾದಂತೆ ನನ್ನಷ್ಟಕ್ಕೆ ಹೇಳಿಕೊಂಡೆ, ಈ ಸಲ ನಿಲ್ಲಬಾರದು ಕಸ್ತೂರಿ, ಇದು ಹೋಗದ ಕೆರೆ, ಸುಮ್ಮನೆ ಎದ್ದು ಓಡು. ಪಾದಕ್ಕೆ ನೆಲ ಸಿಕ್ಕಿತು. ಮೊಣಕಾಲ ತನಕ ನೀರು. ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಒಂದು ಹೆಜ್ಜೆ ಇಟ್ಟೆ, ಪಾದದ ಮಟ್ಟಕ್ಕೆ ನೀರು ಬಂತು. ಮುಂದಿನ ಹೆಜ್ಜೆ ಬರಲೊಲ್ಲದು. ನನಗೆ ನನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ ಸ್ವಂತ ತೊಡೆಗೆ ಹೊಡೆದುಕೊಂಡೆ. ಕಾಲು ಕದಲಲಿಲ್ಲ. ಕೂಗಲು ಬಾಯಿ ತೆರೆದೆ, ಈ ಸಲ ದನಿಯೂ ಬರಲಿಲ್ಲ.

ಜನರ ನಡುವೆ ಗಲಾಟೆಯಾಯಿತು. ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿಕೊಂಡು ಅತ್ತೆ ಬರುತ್ತಿದ್ದಳು. ಪೀಪಿ ಊದುತ್ತಾ ಒಬ್ಬರು ಅಡ್ಡ ಬಂದರು. "ಸರಿಯೋ ಆ ಕಡೆ!" ಎಂದು ಅವರನ್ನು ಬದಿಗೆ ತಳ್ಳಿದಳು. ನೀರಿನ ಅಂಚಿಗೆ ಬಂದು ನಿಂತಳು. ಚಪ್ಪಲಿ ಬಿಟ್ಟಳು. ಆಕೆಯ ಮುಖ ಬಿಳಿಚಿಕೊಂಡಿತ್ತು. ನಾನು ಸೊಸೆಯಾಗಿ ಬಂದಾಗಿನಿಂದ ಆ ಪಾದಗಳು ಬಚ್ಚಲಿನ ನೀರು ಬಿಟ್ಟು ಬೇರೆ ನೀರು ಕಂಡಿರಲಿಲ್ಲ. ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಗಿಸಿಕೊಂಡಳು, ಕಣ್ಣು ಮುಚ್ಚಿದಳು, ಇಳಿದಳು.

"ಕಾಲ ಕೊಟ್ಟೇನಿ," ಅಂದಳು. "ಓಡ ನನ್ನವ್ವ. ಓಡು."

ಓಡಿದೆ. ಸೈಕಲ್ಲಿನ ಮೇಲೆ ಅಳುತ್ತಾ ಹೋದೆ, ಅಳುತ್ತಲೇ ಏಳೆಂಟು ಜನರನ್ನು ದಾಟಿದೆ. ಅವರೆಲ್ಲ ನನಗೆ ಏನೋ ಆಗಿದೆ ಎಂದು ಗಾಬರಿಯಾಗಿ ನೀರು ಬೇಕೇ ಎಂದು ಕೇಳಿದರು. ಓಟದಲ್ಲಿ ಕಾಲು ಕಬ್ಬಿಣವಾಯಿತು, ಪಕ್ಕೆ ಹಿಡಿಯಿತು. ನಡೆದೆ, ಸೈಕಲ್ಲಿನಲ್ಲಿ ನಾನು ದಾಟಿದವರೆಲ್ಲ ನನ್ನನ್ನು ದಾಟಿ ಹೋದರು, ಮತ್ತೆ ಓಡಿದೆ. ಕೊನೆಯ ತಿರುವಿಗೆ ಬಂದಾಗ ದೂರದಲ್ಲಿ ಕಮಾನು ಕಂಡಿತು. ಕಮಾನಿನ ಮೇಲೆ ಇಬ್ಬರು ಹತ್ತಿ ಹಗ್ಗ ಬಿಚ್ಚುತ್ತಿದ್ದರು. ಇನ್ನು ಯಾರೂ ಬರಲಾರರು ಎಂದುಕೊಂಡು ಬೇಗನೆ ಶುರುಮಾಡಿದ್ದರಂತೆ. ಬಟ್ಟೆಯ ಒಂದು ತುದಿ ಆಗಲೇ ಜೋತುಬಿದ್ದಿತ್ತು.

ನನ್ನ ದನಿ ವಾಪಸ್ಸು ಬಂತು. "ಗೆರಿ ಬಿಡ್ರೀ! ಬಂದೇ!"

ಮೂರು ಓಣಿಗೆ ಕೇಳುವ ದನಿ. ಮೇಲಿದ್ದವರಲ್ಲಿ ಒಬ್ಬ ಬೀಳುವವನು ಕಂಬ ತಬ್ಬಿಕೊಂಡ. ಟೆಂಪೋ ತುಂಬುತ್ತಿದ್ದವರು ಕೈಲಿದ್ದುದನ್ನು ಕೆಳಗಿಟ್ಟರು. "ಇನ್ನೂ ವ್ಯಾಳ್ಯಾ ಐತ್ರೀ ಅವ್ವಾರ, ಬರ್ರಿ ಬರ್ರಿ!" ಎಂದು ಒಬ್ಬರು ಗಡಿಯಾರ ನೋಡಿ ಕೂಗಿದರು. ಜೋತುಬಿದ್ದ ಬಟ್ಟೆಯ ತುದಿಯನ್ನು ಕೈಯಲ್ಲಿ ಎತ್ತಿ ಹಿಡಿದರು. ಅದರ ಕೆಳಗೆ ಸುಣ್ಣದಲ್ಲಿ ಎಳೆದ ಬಿಳಿ ಗೆರೆ, ತುಳಿದು ತುಳಿದು ಮಾಸಿದ್ದರೂ ಇತ್ತು. ದಾಟಿದೆ. ಯಾರೋ ಕೊರಳಿಗೆ ಮೆಡಲ್ ಹಾಕಿದರು. ಮೊದಲು ಬಂದವರಿಗೆ ಏನು ಸಿಕ್ಕಿತೋ ನಾನು ಕೇಳಲಿಲ್ಲ.

ಜರೀನಾ ಬಂದು ತಬ್ಬಿಕೊಂಡಳು. ಸುತ್ತ ನೋಡಿದೆ, ಅತ್ತೆ ಇರಲಿಲ್ಲ. ಆಕೆಯ ಕಾಲು ಬಿಡಿಸುವವರು ಯಾರಿದ್ದಾರೆ ಅಲ್ಲಿ?

ಜೀಪಿನಲ್ಲಿ ಕೆರೆಗೆ ಹೋದೆವು. ಅತ್ತೆ ನೀರಲ್ಲೇ ಇದ್ದಳು. ಯಾರೋ ಪುಣ್ಯಾತ್ಮರು ನೀರೊಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಿದ್ದರು, ಕೈಗೊಂದು ಛತ್ರಿ ಕೊಟ್ಟಿದ್ದರು. ಕಳೆದ ವರ್ಷದ ಅದೇ ದಪ್ಪನೆಯ ಗೃಹಸ್ಥರು ದಂಡೆಯಲ್ಲಿ ಸೋತು ಕೂತಿದ್ದರು. "ಎಷ್ಟ ಹೇಳಿದ್ರೂ ಹೊರಗ ಬರವಲ್ರು ನೋಡ್ರಿ. ಕೆರಿ ಹೋಗತೈತಿ ಅಂತಾರ," ಎಂದರು.

"ಮುಗಸಿದೇನು?" ಎಂದಳು ಅತ್ತೆ.

"ಮುಗಸಿದೆ."

"ಗೆರಿ ಇತ್ತೇನು?"

"ಇತ್ತ ಅತ್ತಿ."

"ಹಂಗಾರ ಬಾ, ಕಾಲ ಕೊಡು. ಸೊಂಟ ಹಿಡದತಿ."

ಬೂಟು ಬಿಚ್ಚಿ ಇಳಿದೆ. ಆಕೆ ನನ್ನ ಮೆಡಲನ್ನು ಬೆರಳಿನಿಂದ ತಿರುವಿ ನೋಡಿದಳು. ನೀರಿನಲ್ಲಿ ಆಕೆಯ ಪಾದಗಳು ನೆನೆದು ಬೆಳ್ಳಗೆ ಸುಕ್ಕಾಗಿದ್ದವು. "ಈ ಕೆರಿ ಹೋಗಂಗಿಲ್ಲ ಅತ್ತಿ," ಎಂದೆ. "ಹಂಗಂತಾರ," ಎಂದಳು. "ಇಬ್ಬರೂ ಕೂಡೇ ತಗಿಯೂಣು. ಹೋದ್ರ ಇಬ್ಬರ ಕಾಲಿಂದನೂ ಹೋತು," ಎಂದೆ. ಆಕೆ ನನ್ನ ಕೈ ಹಿಡಿದಳು, ಬಳೆ ಒತ್ತುವಷ್ಟು ಬಿಗಿಯಾಗಿ. ಇಬ್ಬರೂ ಒಟ್ಟಿಗೆ ಕಟ್ಟೆಯ ಮೇಲೆ ಕಾಲಿಟ್ಟೆವು.

ಆಕೆ ತಿರುಗಿ ನೋಡಲೊಲ್ಲಳು. ನಾನೇ ಭುಜ ಹಿಡಿದು ತಿರುಗಿಸಿದೆ. ಕೆರೆ ಇತ್ತು. ಖಾಲಿ ಕುರ್ಚಿಯ ಕಾಲುಗಳ ಸುತ್ತ ಸಣ್ಣ ಅಲೆಗಳು ಆಡುತ್ತಿದ್ದವು.

"ಅಯ್ಯ, ಹೋಗವಲ್ದ ನೋಡ ಇದು," ಎಂದಳು. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಕೆ ಅತ್ತದ್ದನ್ನು ನಾನು ಅವತ್ತಿನ ತನಕ ನೋಡಿರಲಿಲ್ಲ, ಮಾವ ತೀರಿಕೊಂಡಾಗಲೂ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಬುತ್ತಿ ಬಿಚ್ಚಿದೆ. ದಪ್ಪನೆಯ ಗೃಹಸ್ಥರಿಗೂ ಒಂದು ರೊಟ್ಟಿ ಕೊಟ್ಟೆವು. ವಾಪಸ್ಸು ಬರುವಾಗ ಜೀಪು ತಿರುವು ದಾಟುವ ತನಕ ಅತ್ತೆ ಹಿಂದೆಯೇ ನೋಡುತ್ತಿದ್ದಳು, "ಇನ್ನೂ ಐತಿ, ಇನ್ನೂ ಐತಿ" ಎನ್ನುತ್ತಾ.

ಆ ವಾರದಲ್ಲೇ ನಮ್ಮ ಮನೆಗೆ ಸರದಿ ಬಂತು. ಸಂಜೆ ಹೊರಡೋಣವೆಂದು ನೋಡಿದರೆ ಪಡಸಾಲೆಯಲ್ಲಿ ಹೊರಸು ಇರಲಿಲ್ಲ. ಯಜಮಾನರು ಗಿರಣಿಯ ಬಾಗಿಲಲ್ಲಿ ನಿಂತು ಕೆರೆಯ ಕಡೆ ಬೆರಳು ತೋರಿಸಿದರು. ಆಗ ಕೆರೆ ಊರ ಹಿಂದಿನ ಹುಣಸೆಮರಗಳ ಹತ್ತಿರ ಇತ್ತು. ಹೋಗಿ ನೋಡಿದರೆ ಅತ್ತೆ ನೀರಿನಲ್ಲಿ ಹೊರಸು ಹಾಕಿಕೊಂಡು, ಕಾಲು ಇಳಿಬಿಟ್ಟು, ಎದೆ ಸೆಟೆಸಿ ಕೂತಿದ್ದಾಳೆ. ದಂಡೆಯ ಮೇಲೆ ಅರ್ಧ ಊರು ಸೇರಿದೆ. ಯಾರೂ ಮಾತಾಡುತ್ತಿಲ್ಲ.

"ಏಳ ಅತ್ತಿ, ನಾ ಕೊಡ್ತೀನಿ ಕಾಲ," ಎಂದೆ.

"ನೀ ಯಾಕ ನಿಂತಿ ಇಲ್ಲೆ? ಬರೂ ವರ್ಷ ಅವ್ರು ಗೆರಿ ಇನ್ನೂ ಲಗೂನ ಬಿಚ್ಚತಾರ. ಹೋಗು, ಓಡು."

ಓಡಿದೆ. ಅಗಸಿಯ ಹತ್ತಿರ ಒಮ್ಮೆ ತಿರುಗಿ ನೋಡಿದೆ. ಕೆರೆ ಇತ್ತು. ಅದರೊಳಗೆ ಕಾಲಿಟ್ಟುಕೊಂಡು ಅತ್ತೆ ದಂಡೆಯಲ್ಲಿ ಸುಮ್ಮನೆ ನಿಂತವರನ್ನೆಲ್ಲ ಹೆಸರು ಹಿಡಿದು ಬೈಯುತ್ತಿದ್ದಳು.